ಮಳೆ ನೀರು ಯಾಕೆ ಸಪ್ಪೆ?

ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು ‘ರಾಫಿಯಾ ಟೀಚರ್ ಎಲ್ಲಿ ಸಿಗ್ತಾರೆ?’ ಎಂದು ಕೇಳಿದರೆ ಆಗ ಯಾರಿಗೂ ತಿಳಿಯುತ್ತಿರಲಿಲ್ಲ. ‘ಕಂಪ್ಯೂಟರ್ ಟೀಚರ್’ ಎಂದರೆ ಸಾಕು, ರಿಕ್ಷಾದವರು ಮರುಮಾತಿಲ್ಲದೆ ಶಾಲೆಯ ಗೇಟಿನೆದುರು ತಂದು ಇಳಿಸುತ್ತಿದ್ದರು. ಎರಡು ಸಾವಿರದ ನಾಲ್ಕನೇ ಇಸವಿಯ ಮಾತಿದು. ಪೇಟೆಯಿಂದ ಸ್ವಲ್ಪ ಒಳಗಿದ್ದ ಆ ಸರಕಾರಿ ಪ್ರೌಢಶಾಲೆಗೆ ಆರು ಕಂಪ್ಯೂಟರುಗಳು ಬಂದಿಳಿದ ವರ್ಷ. ತೆಂಗಿನಕಾಯಿ ಒಡೆದದ್ದೇನು, ಒಂದೊಂದು ಪರದೆಯ ಹಣೆಗೂ ಕುಂಕುಮ ಹಚ್ಚಿದ್ದೇನು! ಕುಂಕುಮ ಸಂದಿಗಿಳಿಯಿತೋ ಏನು ಕಥೆಯೋ, ಆರನೆಯದು ಕೊನೆಯವರೆಗೂ ಕಣ್ಣು ಬಿಡಲಿಲ್ಲ. ಉಳಿದ ಐದನ್ನು ನೋಡಿಕೊಂಡು ಮಕ್ಕಳಿಗೆ ಕಲಿಸಲು ತಾತ್ಕಾಲಿಕವಾಗಿ ನೇಮಕವಾದವಳು ರಾಫಿಯಾ. ವಯಸ್ಸು ಇಪ್ಪತ್ತೈದರ ಆಸುಪಾಸು. ಪುತ್ತಿಗೆಯ ಸೋದರಮಾವನ ಮನೆಯಿಂದ ದಿನಾ ಬಸ್ಸು ಹಿಡಿದು ಬರುವವಳು. ಮೂಡುಬಿದಿರೆಯಲ್ಲಿ ಬಿ.ಕಾಂ. ಮುಗಿಸಿ, ಅಲ್ಲೇ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು.

ಅವಳು ಹುಟ್ಟಿ ಬೆಳೆದದ್ದು ಇದೇ ಸಿದ್ಧಕಟ್ಟೆಯ ಮಗ್ಗುಲಿನಲ್ಲಿ, ಬೀಡಿ ಕಟ್ಟುವ ಕೇರಿಯಲ್ಲಿ, ಎಂಬುದನ್ನು ಮಾತ್ರ ಅವಳು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಕಂಪ್ಯೂಟರ್ ಕೋಣೆಯ ಅವಸ್ಥೆ ಕೇಳಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ, ದರ್ಗಾಕ್ಕೋ ದೇವಸ್ಥಾನಕ್ಕೋ ಹೋಗುವವರಂತೆ ಮಕ್ಕಳು ಒಳಗೆ ಬರುತ್ತಿದ್ದರು. ಒಂದು ಯಂತ್ರಕ್ಕೆ ನಾಲ್ಕೈದು ಮಂದಿ. ಒಳಗೆ ಬಂದ ಕೂಡಲೇ ಭಕ್ತಿ ಮುಗಿಯಿತು, ಮೌಸಿಗಾಗಿ ಎಳೆದಾಟ ಶುರು. ಮೌಸ್ ಯಾರ ಕೈಗೆ ಸಿಕ್ಕಿತೋ ಅವನೇ ಯಜಮಾನ. ಉಳಿದವರು ಅವನ ಬೆನ್ನ ಹಿಂದೆ ನಿಂತು ನೋಡುವವರು. ನೋಡುವವರಾದರೂ ಎಷ್ಟು ಹೊತ್ತು ನೋಡಿಯಾರು? ಮೊದಲು ಕಣ್ಣು ಪರದೆಯ ಮೇಲೆ, ಆಮೇಲೆ ಕಿಟಕಿಯ ಮೇಲೆ, ಆಮೇಲೆ ಗಂಟೆ ಹೊಡೆಯುವ ಜವಾನನ ಮೇಲೆ.

ಯಜಮಾನರಲ್ಲಿ ಯಜಮಾನ ಶೋಧನ್. ಪೇಟೆಯಲ್ಲಿ ಹೋಟೆಲ್ ಇಟ್ಟಿದ್ದ ಕಮಲಾಕ್ಷ ಶೆಟ್ಟರ ಮಗ. ದುಬೈಯಲ್ಲಿದ್ದ ಮಾವ ಕೊಡಿಸಿದ ಕಂಪ್ಯೂಟರ್ ಅವನ ಮನೆಯಲ್ಲೇ ಇತ್ತು. ಟೀಚರ್ ಹೇಳಿ ಮುಗಿಸುವ ಮೊದಲು ಅವನ ಕೆಲಸ ಮುಗಿದಿರುತ್ತಿತ್ತು. ಅವನದೇ ಗುಂಪಿನಲ್ಲಿ ಸಾತ್ವಿಕಾ, ಶರೀಫ್, ಮತ್ತು ಎಲ್ಲರ ಹಿಂದೆ ಗೋಡೆಗೆ ಅಂಟಿಕೊಂಡ ಸಬೀಹಾ. ಅರ್ಥ ಆಯಿತಾ ಎಂದರೆ ತಲೆ ಅಲ್ಲಾಡಿಸುತ್ತಾಳೆ. ಏನು ಅರ್ಥ ಆಯಿತು ಎಂದರೆ ನೆಲ ನೋಡುತ್ತಾಳೆ.

‘ಅವಳಿಗೆ ಆಸಕ್ತಿ ಇಲ್ಲ, ಬಿಡಿ’ ಎಂದರು ಟೀಚರುಗಳು. ಆಸಕ್ತಿ ಇಲ್ಲ ಎನ್ನುವುದು ಕಲಿಸುವವರಿಗೆ ಬಹಳ ಅನುಕೂಲದ ಮಾತು ನೋಡಿ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಕಲಿಸಲಾಗದಾಗ ಮಕ್ಕಳ ಆಸಕ್ತಿ ಡೊಂಕು.

ರಾಫಿಯಾಳೂ ಮೊದಲು ಆ ದಾರಿಯಲ್ಲೇ ಹೋದಳು. ಆಸಕ್ತಿ ಇಲ್ಲವಾದರೆ ಆಸೆ ಹುಟ್ಟಿಸುವ ಎಂದು ಅಣ್ಣ ಹಿಶಾಮ್ ಗಲ್ಫಿನಿಂದ ಕಳಿಸಿದ್ದ ಮಿರಿಮಿರಿ ಪೆನ್ನುಗಳನ್ನು ತಂದು ಮೇಜಿನ ಮೇಲಿಟ್ಟಳು. ಯಾರು ಮೊದಲು ಮುಗಿಸುತ್ತಾರೋ ಅವರಿಗೆ. ಮೊದಲ ವಾರ ಕೋಣೆಯಿಡೀ ಬೊಬ್ಬೆ, ಗಮ್ಮತ್ತು. ಮೂರನೇ ವಾರಕ್ಕೆ ಯಂತ್ರಕ್ಕೊಬ್ಬರಂತೆ ಐದೇ ಮಂದಿ ಓಡುತ್ತಿದ್ದರು, ಉಳಿದವರೆಲ್ಲ ಗೋಡೆ ಬದಿಗೆ ಹೋಗಿ ಕೂತಿದ್ದರು. ಶೋಧನನ ಜೇಬಿನಲ್ಲಿ ಪೆನ್ನುಗಳ ಸಾಲು. ಮೊದಲು ಗೋಡೆಗೆ ಒಬ್ಬಳು ಅಂಟಿಕೊಂಡಿದ್ದಳು, ಈಗ ಅರ್ಧ ಕ್ಲಾಸೇ ಅಂಟಿಕೊಂಡಿತ್ತು. ರಾಫಿಯಾಳಿಗೆ ಮಂಡೆಬಿಸಿ.

ಆ ದಿನ ಮಕ್ಕಳು ಹೋದ ಮೇಲೆ ಬೆಂಚಿನಡಿ ಕಸ ಗುಡಿಸುವಾಗ ಅವಳಿಗೆ ಏನೋ ಸಿಕ್ಕಿತು. ಕಾಗದದ ಚೂರುಗಳನ್ನು ಸುರುಳಿ ಸುತ್ತಿ, ತುದಿ ಮಡಚಿ, ಅಂಗಿಯ ದಾರದಿಂದ ಕಟ್ಟಿದ ಪುಟ್ಟ ಪುಟ್ಟ ಬೀಡಿಗಳು. ಒಂದಕ್ಕಿಂತ ಒಂದು ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲ. ಸಬೀಹಾ ನಿಂತಿದ್ದ ಜಾಗ ಅದು.

ಮರುದಿನ ಕರೆದು ಕೇಳಿದಳು. ‘ಯಾರು ಕಲಿಸಿದ್ದು?’

ಸಬೀಹಾ ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ‘ಉಮ್ಮ’ ಎಂದಳು, ಎಂದರೆ ಅಮ್ಮ.

‘ಉಮ್ಮನ ಹೆಸರೆಂತ?’

‘ಬೀಯಮ್ಮ.’

ರಾಫಿಯಾಳ ಕೈಯಲ್ಲಿದ್ದ ಕಾಗದದ ಬೀಡಿ ಕೆಳಗೆ ಬಿತ್ತು. ಬೀಯಮ್ಮ! ತನ್ನನ್ನು ಹತ್ತನೇ ಕ್ಲಾಸು ದಾಟಿಸಿದ ಬೀಯಮ್ಮ!

ಅದು ತೊಂಬತ್ತೈದರ ಕಥೆ. ಆಗ ಆ ಕೇರಿಯ ಹೆಂಗಸರು ಮನೆಮನೆಯಲ್ಲಿ ಒಂಟಿಯಾಗಿ ಬೀಡಿ ಕಟ್ಟುತ್ತಿರಲಿಲ್ಲ. ಮಧ್ಯಾಹ್ನದ ಊಟ ಆದದ್ದೇ ಮಡಿಲಿಗೆ ಒಂದೊಂದು ಮೊರ ಇಟ್ಟುಕೊಂಡು ಬೀಯಮ್ಮನ ಜಗಲಿಯಲ್ಲಿ ಸುತ್ತಲೂ ಕೂರುತ್ತಿದ್ದರು. ಬ್ಯಾರಿ ಮಾತಾಡುವವರು, ತುಳು ಮಾತಾಡುವವರು ಎಂಬ ಭೇದ ಇಲ್ಲ. ಕತ್ತರಿ, ಎಲೆ, ಹೊಗೆಸೊಪ್ಪು, ನೂಲು, ಮತ್ತು ಊರಿಡೀ ಸುತ್ತಿ ಬರುವ ಮಾತು. ರಾಫಿಯಾಳೂ ಶಾಲೆಯಿಂದ ಬಂದು ಉಮ್ಮನ ಬದಿಯಲ್ಲಿ ಕೂತು ಕಟ್ಟುವವಳೇ. ಪರೀಕ್ಷೆ ಹತ್ತಿರ ಬಂದಾಗ ಓದುವುದೋ ಕಟ್ಟುವುದೋ ಎಂಬ ಪ್ರಶ್ನೆ ಬಂತು. ಬೀಯಮ್ಮ ಜಗಲಿಯ ಕಾನೂನು ಹೇಳಿದಳು: ‘ನೀನು ಗಟ್ಟಿಯಾಗಿ ಓದು. ನಾವು ಕೇಳ್ತೇವೆ. ನಿನ್ನ ಪಾಲಿನ ಬೀಡಿ ನಾವು ಕಟ್ತೇವೆ. ಓದುವವಳು ಕೈ ಹಾಕಬಾರದು, ಕಟ್ಟುವವರು ಪುಸ್ತಕ ಮುಟ್ಟಬಾರದು. ಎಲ್ಲರ ಮೊರ ತುಂಬದೆ ಯಾರೂ ಏಳಬಾರದು.’

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುವುದಿಲ್ಲವೇ? ಹಾಗೆ ಅವಳ ಮೊರ ತುಂಬುತ್ತಿತ್ತು. ಆದರೆ ಓದಿ ಪಾರಾಗುವುದು ಸುಲಭ ಇರಲಿಲ್ಲ. ಸುಮ್ಮನೆ ಕೇಳುವ ಹೆಂಗಸರೇ ಅವರು? ‘ಅದು ಯಾಕೆ ಹಾಗೆ?’ ‘ಅದು ಹೇಗೆ ಗೊತ್ತಾಯಿತು ಅವರಿಗೆ?’ ‘ಸುಳ್ಳು ಮಾರಾಯ್ತಿ, ಇನ್ನೊಮ್ಮೆ ಓದು!’ ಹೇಳಲು ಬಾರದಿದ್ದರೆ ಮರುದಿನ ಶಾಲೆಯಲ್ಲಿ ಕೇಳಿಕೊಂಡು ಬರಬೇಕು. ಕೇಳಿಕೊಂಡು ಬಂದದ್ದು ಮರೆಯುವುದುಂಟೇ? ಪರೀಕ್ಷೆಯಲ್ಲಿ ರಾಫಿಯಾ ಫಸ್ಟ್ ಕ್ಲಾಸ್. ಫಲಿತಾಂಶ ಬರುವ ಮೊದಲೇ ಅವಳ ಮನೆಯವರು ಪುತ್ತಿಗೆಗೆ ಹೋಗಿ ಆಗಿತ್ತು. ಆಮೇಲೆ ಕಾಲೇಜು, ಹೊಸ ಗೆಳತಿಯರು. ಪುತ್ತಿಗೆಗೂ ಸಿದ್ಧಕಟ್ಟೆಗೂ ಏನು ಮಹಾ ದೂರ? ಆದರೂ ಅವಳು ಆ ಜಗಲಿಗೆ ಮತ್ತೆ ಹೋಗಲಿಲ್ಲ.

ಅದಾದ ಮುಂದಿನ ಸೋಮವಾರ ಕಂಪ್ಯೂಟರ್ ಕೋಣೆಯಲ್ಲಿ ಪೆನ್ನುಗಳ ಪೊಟ್ಟಣ ಮಾಯವಾಗಿತ್ತು. ಬೋರ್ಡಿನ ಮೇಲೆ ಹೊಸ ಕಾನೂನು ಇತ್ತು. ಬಾಯಿಯಲ್ಲಿ ಹೇಳುವವರು ಕೈ ಹಾಕಬಾರದು. ಕೈಯಲ್ಲಿ ಮಾಡುವವರು ಬಾಯಿ ಬಿಡಬಾರದು. ಉಳಿದವರು ಯಾಕೆ, ಹೇಗೆ ಎಂದು ಕೇಳಬೇಕು. ಎಲ್ಲರಿಗೂ ಬರುವವರೆಗೆ ಆ ಮೇಜಿನವರು ಮುಗಿಸಿದ ಹಾಗಲ್ಲ. ಪ್ರತಿ ಪೀರಿಯಡ್ಡಿಗೂ ಸರದಿ ಬದಲು.

ಮೊದಲ ಸರದಿಯಲ್ಲಿ ಶೋಧನ್ ಬಾಯಿ, ಸಬೀಹಾ ಕೈ.

‘ಅಲ್ಲಿ ಒತ್ತು’ ಎಂದ ಶೋಧನ್. ಸಬೀಹಾಳ ಕೈ ಅಲ್ಲಾಡಲಿಲ್ಲ.

‘ಅಲ್ಲಿ ಮಾರಾಯ್ತಿ, ಅಲ್ಲಿ!’

‘ಅಲ್ಲಿ ಅಂದರೆ ಎಲ್ಲಿ?’ ಎಂದಳು ಸಾತ್ವಿಕಾ. ಕೇಳುವುದು ಅವಳ ಕೆಲಸ, ಖುಷಿಯಿಂದ ಕೇಳಿದಳು.

‘ಅದೇ, ಮೇಲೆ... ಆ ಚೌಕದ್ದು...’

‘ಯಾವ ಚೌಕ? ಅದನ್ನು ಯಾಕೆ ಒತ್ತುವುದು?’ ಎಂದ ಶರೀಫ್.

ಶೋಧನನ ಹಣೆಯಲ್ಲಿ ಬೆವರು ಬಂತು. ಪಾಪ, ಅವನ ಬೆರಳಿಗೆ ಗೊತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಆದರೂ ಹುಡುಗ ಹಟಮಾರಿ, ಹುಡುಕಿ ಹುಡುಕಿ ಹೇಳಿದ. ಹೇಳಿದಂತೆ ಸಬೀಹಾಳ ಕೈ ಹೋಯಿತು. ಎಂಥ ಕೈ ಅದು! ಬೇರೆಯವರು ಮೌಸ್ ಹಿಡಿದು ಗೆರೆ ಎಳೆದರೆ ಎರೆಹುಳ ಓಡಿದ ಹಾಗೆ ಆಗುತ್ತಿತ್ತು. ಅವಳದು ಒಂದೇ ಏಟಿಗೆ ದುಂಡನೆಯ ಸೂರ್ಯ. ‘ಆಹಾ!’ ಎಂದ ಶೋಧನ್, ಸಿಟ್ಟು ಮರೆತು. ಸಬೀಹಾ ಶಾಲೆಯಲ್ಲಿ ಹಲ್ಲು ಕಾಣುವಂತೆ ನಕ್ಕದ್ದನ್ನು ರಾಫಿಯಾ ನೋಡಿದ್ದು ಅಂದೇ.

ವಾರ ಕಳೆಯುವುದರಲ್ಲಿ ಕಮಲಾಕ್ಷ ಶೆಟ್ಟರು ಶಾಲೆಗೆ ಬಂದರು. ‘ಎಲ್ಲ ಬರುವವನನ್ನು ಬರೀ ಹೇಳ್ಲಿಕ್ಕೆ ನಿಲ್ಲಿಸಿದ್ದೀರಂತೆ ಟೀಚರ್? ಇದೆಂತ ಕ್ರಮ?’

‘ಕೂತ್ಕೊಳ್ಳಿ ಶೆಟ್ಟರೇ. ನೀರುದೋಸೆ ಹೇಗೆ ಮಾಡುವುದು ಅಂತ ನನಗೆ ಬಾಯಲ್ಲಿ ಹೇಳಿ ನೋಡುವ. ಕೈ ಮಾತ್ರ ಎತ್ತಬಾರದು.’

ಶೆಟ್ಟರು ಶುರು ಮಾಡಿದರು. ಹಿಟ್ಟಿನ ಹದ ಹೇಳುವಾಗ ಒಮ್ಮೆ, ಕಾವಲಿಗೆ ಹುಯ್ಯುವಾಗ ಇನ್ನೊಮ್ಮೆ ಕೈ ತಾನಾಗಿ ಎದ್ದಿತು. ತಮಗೇ ನಗು ಬಂದು, ‘ಆಯ್ತು ಮಾರಾಯ್ರೇ, ಕಲಿಸಿ’ ಎಂದು ಹೊರಟರು.

ಎಲ್ಲ ಸರಿಹೋಯಿತು ಎನ್ನುವಾಗ ಸಬೀಹಾ ಶಾಲೆಗೆ ಬರುವುದು ನಿಂತಿತು. ಸುದ್ದಿ ತಂದದ್ದು ನೆರೆಮನೆಯ ಶರೀಫ್. ಬೀಯಮ್ಮನಿಗೆ ಭುಜದ ನೋವು, ಕೈ ಎತ್ತಲಾಗುವುದಿಲ್ಲ. ಗಂಡ ತೀರಿಕೊಂಡ ಮನೆ, ಬೀಡಿ ನಿಂತರೆ ಒಲೆ ನಿಲ್ಲುತ್ತದೆ. ‘ಇನ್ನು ಅವಳು ಬರುವುದೇ ಇಲ್ಲವಂತೆ ಟೀಚರ್. ಶಾಲೆ ಬಿಡಿಸ್ತಾರಂತೆ.’

ರಾಫಿಯಾ ಅಂದೇ ಹೋಗಬೇಕಿತ್ತು. ಹೊರಟಳು ಕೂಡ. ಆದರೆ ಇಷ್ಟು ವರ್ಷ ಮುಖ ತೋರಿಸದೆ ಈಗ ಟೀಚರಾಗಿ ಹೋಗಿ ಬುದ್ಧಿ ಹೇಳುವುದು ಹೇಗೆ? ‘ನಾಳೆ ಹೋಗುವ’ ಎಂದುಕೊಂಡು ಬಸ್ಸು ಹತ್ತಿದಳು. ಮರುದಿನವೂ ಅದನ್ನೇ ಅಂದುಕೊಂಡಳು.

ಮಕ್ಕಳು ಕಾಯಲಿಲ್ಲ. ಎಲ್ಲರಿಗೂ ಬರುವವರೆಗೆ ಮುಗಿಸಿದ ಹಾಗಲ್ಲ ಎಂದು ಬೋರ್ಡಿನ ಮೇಲೆ ಬರೆದವಳು ಟೀಚರೇ ತಾನೆ? ಶನಿವಾರ ಶಾಲೆ ಬಿಟ್ಟದ್ದೇ ಶೋಧನ್, ಸಾತ್ವಿಕಾ, ಶರೀಫ್ ಮೂವರೂ ಸೀದಾ ಸಬೀಹಾಳ ಜಗಲಿಗೆ ಹೋದರು. ಬೀಯಮ್ಮ ಒಳಗೆ ಮಲಗಿದ್ದಳು. ಸಬೀಹಾ ಬೇಡ ಬೇಡ ಎಂದರೂ ಕೇಳದೆ ಎಲೆಗೆ ಕೈ ಹಾಕಿದರು. ಹೋಟೆಲ್ ಶೆಟ್ಟರ ಮಗ ಬೀಡಿ ಕಟ್ಟುವುದು ಎಂದರೆ ಹೇಗಿರಬಹುದು, ನೀವೇ ಎಣಿಸಿ. ಒಂದು ಹೊಟ್ಟೆ ಉಬ್ಬಿದ್ದು, ಒಂದು ಸೊಂಟ ಮುರಿದದ್ದು. ಕಟ್ಟಿದ್ದನ್ನೆಲ್ಲ ಸಬೀಹಾಳ ಒಳ್ಳೆಯ ಬೀಡಿಗಳ ಜೊತೆ ಸೇರಿಸಿ, ಮೊರ ತುಂಬಿತೆಂದು ಚಪ್ಪಾಳೆ ತಟ್ಟಿ ಹೋದರು. ಸಬೀಹಾಳಿಗೆ ಗೆಳೆಯರು ಕಟ್ಟಿದ್ದನ್ನು ಹೆಕ್ಕಿ ಎಸೆಯಲು ಮನಸ್ಸು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಬೀಯಮ್ಮ ಬ್ರಾಂಚಿನಿಂದ, ಎಂದರೆ ಬೀಡಿ ಒಪ್ಪಿಸುವ ಜಾಗದಿಂದ, ನೇರ ಶಾಲೆಗೆ ಬಂದಳು. ಹೆಡ್‌ಮಾಸ್ಟರ್ ಜತ್ತಪ್ಪನವರ ಮೇಜಿನ ಮೇಲೆ ಒಂದು ಗಂಟು ಬಿಚ್ಚಿ ಸುರಿದಳು.

‘ಇದೆಂತದು ಸಾರ್? ಬೀಡಿಯಾ, ಬಾಳೆಕಾಯಿಯಾ? ನಾಲ್ಕು ಹಾಳು ಬೀಡಿ ನೋಡಿ ಚೆಕ್ಕರ್ ಇಡೀ ಗಂಟು ವಾಪಸು ಮಾಡಿದ. ನಗಾಡಿದ ಸಾರ್, ನಗಾಡಿದ! ಬೀಯಮ್ಮನ ಕೈಯ ಬೀಡಿಗೆ ಇಷ್ಟು ವರ್ಷದಲ್ಲಿ ಯಾರೂ ನಗಾಡಿದ್ದಿಲ್ಲ. ಆ ಹೆಸರನ್ನು ನಿಮ್ಮ ಮಕ್ಕಳು ಒಂದೇ ದಿನದಲ್ಲಿ ಲಗಾಡಿ ತೆಗೆದರು.’

‘ಮಕ್ಕಳು ಒಳ್ಳೆಯ ಮನಸ್ಸಿನಿಂದ...’ ಎಂದರು ಜತ್ತಪ್ಪನವರು.

‘ಒಳ್ಳೆ ಮನಸ್ಸು ಬ್ರಾಂಚಿನಲ್ಲಿ ತೆಗೊಳ್ಳುವುದಿಲ್ಲ ಸಾರ್. ಇನ್ನು ಅವಳು ಬರುವುದಿಲ್ಲ. ಇಲ್ಲಿ ಕಂಪ್ಯೂಟರ್ ಹಿಂದೆ ನಿಂತು ನೋಡುವುದಕ್ಕಿಂತ ಮನೆಯಲ್ಲಿ ಕೂತು ಬೀಡಿ ಕಟ್ಟಲಿ.’

ಆಗ ಬಾಗಿಲಲ್ಲಿ ನಿಂತಿದ್ದ ರಾಫಿಯಾ ಅವಳ ಕಣ್ಣಿಗೆ ಬಿದ್ದಳು. ಬೀಯಮ್ಮ ದೀರ್ಘವಾಗಿ ನೋಡಿದಳು. ‘ಓ, ನೀನಾ?’ ಎಂದು ಬ್ಯಾರಿಯಲ್ಲಿ ಅಂದಳು, ಅಷ್ಟೇ. ಗಂಟು ಅಲ್ಲೇ ಬಿಟ್ಟು ಹೊರಟುಹೋದಳು.

ಆ ಸಂಜೆ ರಾಫಿಯಾ ಬಸ್ಸು ಹತ್ತಲಿಲ್ಲ. ಕಾಲುದಾರಿ ಮರೆತಿರಲಿಲ್ಲ, ಜಗಲಿಯೂ ಅದೇ. ಆದರೆ ಸುತ್ತಲಿನ ಹೆಂಗಸರಿಲ್ಲ. ಈಗ ಪ್ರತಿ ಮನೆಯಲ್ಲೂ ಟೀವಿ, ಅವರವರ ಮೊರ ಅವರವರ ಟೀವಿಯ ಮುಂದೆ. ಜಗಲಿಯಲ್ಲಿ ಸಬೀಹಾ ಒಬ್ಬಳೇ ಕೂತು ಕಟ್ಟುತ್ತಿದ್ದಳು, ಬೀಯಮ್ಮ ಗೋಡೆಗೊರಗಿದ್ದಳು. ರಾಫಿಯಾ ಬ್ಯಾಗು ಬದಿಗಿಟ್ಟು, ಮೂಲೆಯಲ್ಲಿದ್ದ ಇನ್ನೊಂದು ಮೊರ ಎಳೆದು ಮಡಿಲಿಗಿಟ್ಟಳು. ಮೊದಲ ಬೀಡಿ ಬಿಚ್ಚಿಕೊಂಡಿತು. ಎರಡನೆಯದು ನಿಂತಿತು. ಆಮೇಲೆ ಬೆರಳುಗಳಿಗೆ ನೆನಪಾಯಿತು. ಸಬೀಹಾ ಬಾಯಿ ಬಿಟ್ಟುಕೊಂಡು ಟೀಚರನ್ನು ನೋಡುತ್ತಿದ್ದಳು.

‘ಪರವಾಗಿಲ್ಲ, ಮರೆತಿಲ್ಲ’ ಎಂದಳು ಬೀಯಮ್ಮ. ‘ನಮ್ಮನ್ನು ಮಾತ್ರ ಮರೆತದ್ದು.’

‘ತಪ್ಪಾಯಿತು ಬೀಯಮ್ಮಾ. ನಿಮ್ಮ ಕೈಯ ಬೀಡಿಯಿಂದ ನಾನು ಪಾಸಾದೆ. ಅದನ್ನು ತೀರಿಸ್ಲಿಕ್ಕೆ...’

‘ಬೀಡಿ ಯಾರು ಕೇಳಿದರು ನಿನ್ನತ್ರ?’ ಬೀಯಮ್ಮನ ಸ್ವರ ಏರಿತು. ‘ನೀನು ಎಣಿಸಿದ್ದು ನಾವು ನಿನ್ನ ಮೇಲೆ ಪಾಪ ಕಂಡು ಕಟ್ಟಿದ್ದು ಅಂತ, ಅಲ್ವಾ? ಅಲ್ಲ. ನಮಗೆ ಕೇಳಬೇಕಿತ್ತು. ಶಾಲೆ ಮೆಟ್ಟಿಲು ಹತ್ತದ ಹೆಂಗಸರು ನಾವು. ಸಂಜೆ ಯಾವಾಗ ಆಗ್ತದೆ, ನೀನು ಪುಸ್ತಕ ಯಾವಾಗ ತೆಗೀತಿ ಅಂತ ಕಾಯ್ತಿದ್ದೆವು. ಒಂದು ದಿನ ನಾನು ಕೇಳಿದೆ, ಸಮುದ್ರದ ನೀರು ಮೇಲೆ ಹೋಗಿ ಮಳೆ ಆಗುವುದಾದರೆ ಮಳೆ ನೀರು ಯಾಕೆ ಸಪ್ಪೆ? ಉಪ್ಪು ಎಲ್ಲಿ ಹೋಯಿತು? ನೀನು ಎಂತ ಹೇಳಿದ್ದು, ನೆನಪುಂಟಾ? ನಾಳೆ ಕೇಳಿ ಹೇಳ್ತೇನೆ ಅಂದಿ. ಮರುದಿನ ನಿನಗೆ ಪರೀಕ್ಷೆ. ಆಮೇಲೆ ನೀನು ಹೋದದ್ದೇ. ಆ ನಾಳೆ ಇನ್ನೂ ಬಂದಿಲ್ಲ ಮಗಳೇ. ನೀನು ಪಾಸಾದಿ. ನಾವು ಅಲ್ಲೇ ಉಳಿದೆವು.’

ರಾಫಿಯಾಳ ಕಣ್ಣು ತುಂಬಿತು. ಮೌಸ್ ಹಿಡಿದವರ ಬೆನ್ನ ಹಿಂದೆ ನಿಂತವರ ಬಗ್ಗೆ ಅವಳು ಇಷ್ಟು ತಿಂಗಳಿಂದ ಮಂಡೆಬಿಸಿ ಮಾಡಿಕೊಂಡಿದ್ದಳು. ಈ ಜಗಲಿಯಲ್ಲಿ ಪುಸ್ತಕ ಹಿಡಿದವಳು ತಾನೇ ಆಗಿದ್ದೆ, ಬೆನ್ನ ಹಿಂದೆ ಇವರಿದ್ದರು ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ.

ಉತ್ತರ ಗೊತ್ತಿತ್ತು. ಹೇಳಲು ಬಾಯಿ ತೆರೆದಳು. ತೆರೆದವಳು ಮಡಿಲಿನ ಮೊರ ನೋಡಿ ಮುಚ್ಚಿಕೊಂಡಳು. ‘ಈಗ ನಾನು ಕಟ್ಟುವವಳು ಬೀಯಮ್ಮಾ, ಓದುವವಳಲ್ಲ. ಕಾನೂನು ನಿಮ್ಮದೇ. ಸಬೀಹಾ ಹೇಳ್ತಾಳೆ.’

‘ನನಗೆ ಗೊತ್ತಿಲ್ಲ ಟೀಚರ್!’ ಎಂದಳು ಸಬೀಹಾ ಗಾಬರಿಯಿಂದ.

‘ಶಾಲೆಗೆ ಬಂದು ಗೊತ್ತು ಮಾಡಿಕೊಂಡು ಹೇಳು. ಗುರುವಾರ ಮಧ್ಯಾಹ್ನ ಉಮ್ಮನನ್ನು ಶಾಲೆಗೆ ಕರಕೊಂಡು ಬಾ. ನಿಮ್ಮ ಮೇಜಿನವರು ಸೇರಿ ಕಂಪ್ಯೂಟರಿನಲ್ಲಿ ತೋರಿಸಿ. ಅಷ್ಟು ದಿನ ಸಂಜೆ ನಿನ್ನ ಮೊರ ನನಗೆ.’

ಬೀಯಮ್ಮ ‘ಗುರುವಾರದವರೆಗೆ’ ಎಂದಳು. ‘ಆಮೇಲೆ ನೋಡುವ.’

ಆ ಮೂರು ದಿನ ಆ ಮೇಜಿನ ಗಲಾಟೆ ಏನು ಕೇಳುತ್ತೀರಿ! ಈ ಸಲ ಸಬೀಹಾ ಬಾಯಿ, ಶೋಧನ್ ಕೈ. ಬಾಯಿಬಾರದ ಹುಡುಗಿ ಎಂದವರೆಲ್ಲ ಬಂದು ನೋಡಬೇಕಿತ್ತು. ‘ಅಲ್ಲಿ ಅಲ್ಲ, ಸಮುದ್ರದ ಅಂಚಿನಿಂದ ಒಂದು ಬೆರಳು ಮೇಲೆ. ಬಣ್ಣ ಚೂರು ತೆಳು ಮಾಡು. ಇದು ಹಬೆ, ಹೊಗೆಯಲ್ಲ.’ ಶೋಧನ್ ಮಾತಿಲ್ಲದೆ ಮಾಡಿದ. ಸಬೀಹಾ ಪಠ್ಯಪುಸ್ತಕದ ವಾಕ್ಯ ಹೇಳಿದಾಗಲೆಲ್ಲ ಶರೀಫ್, ‘ಹೀಗೆ ಹೇಳಿದರೆ ನಿನ್ನ ಉಮ್ಮ ಬಿಡ್ತಾರಾ?’ ಎಂದು ಕೇಳುತ್ತಿದ್ದ. ಬಿಡುವುದಿಲ್ಲ ಎಂದು ನಾಲ್ವರಿಗೂ ಗೊತ್ತಿತ್ತು. ಬೆಲ್ಲು ಹೊಡೆದರೂ ಏಳುವವರಿಲ್ಲ. ಒಂದು ಪೆನ್ನಿನ ಆಸೆಯೂ ಇಲ್ಲದೆ ಇವರಿಗೆ ಇಷ್ಟು ಹುರುಪು ಎಲ್ಲಿಂದ ಬಂತು ಎಂದು ಜತ್ತಪ್ಪನವರು ಕೇಳಿದರು. ‘ಉತ್ತರಕ್ಕೆ ಒಬ್ಬರು ಕಾಯ್ತಾ ಇದ್ದಾರೆ ಸಾರ್’ ಎಂದಳು ರಾಫಿಯಾ.

ಗುರುವಾರ ಬೀಯಮ್ಮ ಬಂದಳು. ಜೊತೆಗೆ ಹಳೆಯ ಜಗಲಿಯ ಪ್ರಫುಲ್ಲಕ್ಕನೂ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ ಇಬ್ಬರೂ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ರಾಫಿಯಾ ದೂರ ಗೋಡೆಯ ಬದಿಗೆ ಹೋಗಿ ನಿಂತಳು, ಸಬೀಹಾ ನಿಲ್ಲುತ್ತಿದ್ದ ಜಾಗದಲ್ಲಿ.

ಪರದೆಯಲ್ಲಿ ಸಮುದ್ರ ಬಂತು. ಒಳಗೆ ಬಿಳಿ ಚುಕ್ಕಿಗಳು, ಅದು ಉಪ್ಪು. ಶೋಧನ್ ಒಂದು ಗುಂಡಿ ಒತ್ತಿದ, ಸೂರ್ಯ ಬಂದ. ಇನ್ನೊಂದು, ಹಬೆ ಎದ್ದಿತು. ಬಿಳಿ ಚುಕ್ಕಿಗಳು ಕೆಳಗೇ ಇದ್ದವು.

‘ಉಮ್ಮಾ, ಗಂಜಿಗೆ ಉಪ್ಪು ಹಾಕಿ ಮುಚ್ಚಳ ಮುಚ್ಚಿದರೆ ಮುಚ್ಚಳದಲ್ಲಿ ನೀರು ನಿಲ್ತದಲ್ಲ? ಅದನ್ನು ನೆಕ್ಕಿ ನೋಡಿದ್ದೀಯಾ?’ ಸಬೀಹಾಳ ಸ್ವರ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ‘ನಾನು ನಿನ್ನೆ ನೋಡಿದೆ. ಸಪ್ಪೆ. ಉಪ್ಪಿಗೆ ಹಬೆಯಾಗಿ ಏಳ್ಲಿಕ್ಕೆ ಬರುವುದಿಲ್ಲ. ನೀರು ಮಾತ್ರ ಮೇಲೆ ಹೋಗ್ತದೆ, ಉಪ್ಪು ಪಾತ್ರೆಯಲ್ಲೇ ಬಾಕಿ. ಸಮುದ್ರವೂ ಹಾಗೇ.’

‘ಅಯ್ಯೋ ದೇವರೇ’ ಎಂದಳು ಪ್ರಫುಲ್ಲಕ್ಕ. ‘ದಿನಾ ಆ ಮುಚ್ಚಳ ತೆಗೆಯುವವಳು ನಾನು!’

ಬೀಯಮ್ಮ ನಗಲಿಲ್ಲ. ಪರದೆಯ ಹತ್ತಿರ ಬಾಗಿ, ಆ ಬಿಳಿ ಚುಕ್ಕಿಗಳನ್ನೇ ನೋಡಿದಳು. ಅವಳ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ರಾಫಿಯಾ ಉಸಿರು ಬಿಟ್ಟಳು. ಅಷ್ಟರಲ್ಲಿ ಬೀಯಮ್ಮ ಬೆರಳೆತ್ತಿದಳು.

‘ಸರಿ, ಉಪ್ಪು ಕೆಳಗೆ ಉಳಿಯಿತು. ಒಪ್ಪಿದೆ. ಹಾಗಾದರೆ ಸಮುದ್ರಕ್ಕೆ ಆ ಉಪ್ಪು ಮೊದಲು ಬಂದದ್ದು ಎಲ್ಲಿಂದ?’

ಶೋಧನ್ ಕೈ ಹಿಂದೆ ತೆಗೆದ. ಶರೀಫ್ ಸಾತ್ವಿಕಾಳನ್ನು ನೋಡಿದ, ಅವಳು ಟೀಚರನ್ನು ನೋಡಿದಳು. ಟೀಚರ್ ತುಟಿ ಕಚ್ಚಿ ನಿಂತಿದ್ದಳು.

‘ನಾಳೆ ಹೇಳ್ತೇನೆ ಉಮ್ಮ’ ಎಂದಳು ಸಬೀಹಾ.

ಬೀಯಮ್ಮ ಮಗಳ ಮುಖ ನೋಡಿದಳು. ‘ಈ ನಾಳೆಯಾದರೂ ಬರ್ತದಾ?’

‘ಶಾಲೆಗೆ ಬಂದರೆ ಬರ್ತದೆ.’

ಬೀಯಮ್ಮ ಎದ್ದು, ನೋಯುವ ಭುಜ ಒತ್ತಿಕೊಳ್ಳುತ್ತ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದಳು. ‘ಹಾಗಾದರೆ ಇವತ್ತು ಬೇಗ ಮಲಗು. ಬೆಳಿಗ್ಗೆ ಶಾಲೆಗೆ ತಡ ಆಗಬಾರದು. ನಾಳೆ ಮಾತ್ರ ಅಲ್ಲ, ನನ್ನತ್ರ ಇನ್ನೂ ಕೇಳ್ಲಿಕ್ಕೆ ತುಂಬ ಉಂಟು.’ ಪ್ರಫುಲ್ಲಕ್ಕನ ಕಡೆ ತಿರುಗಿ, ‘ನೀನೂ ನಾಳೆಯಿಂದ ಮೊರ ತೆಗೊಂಡು ನನ್ನ ಜಗಲಿಗೆ ಬಾ. ಇವಳ ಪಾಲಿನದ್ದು ಒಟ್ಟಿಗೆ ಕಟ್ಟುವ. ಟೀವಿ ಸಾಯಲಿ’ ಎಂದಳು.

ಕೊನೆಗೆ ಒಳಗೆ ಇಣುಕಿ, ಗೋಡೆಗೆ ಅಂಟಿ ಕಣ್ಣೊರೆಸಿಕೊಳ್ಳುತ್ತಿದ್ದ ರಾಫಿಯಾಳನ್ನು ಕರೆದಳು.

‘ನೀನೆಂತ ನಿಂತು ನೋಡುವುದು? ಮೊರ ಕಾಯ್ತಾ ಉಂಟು, ಬಾ.’